ಮೂರನೆಯ ಪಟ್ಟಿ

ನವೆಂಬರ್ 4, ಸೋಮವಾರ

ಓಸ್ಲೋದಿಂದ ವಿದೇಶಾಂಗ ಇಲಾಖೆಯವನೊಬ್ಬ ಬಂದಿದ್ದ. ಹೆಸರು ಎಸ್ಪೆನ್. ವಯಸ್ಸು ಮೂವತ್ತೋ ಮೂವತ್ತೆರಡೋ, ಮಾತು ಮಾತ್ರ ಅರವತ್ತರದು. ಇಷ್ಟೊಂದು ಅತಿಥಿಗೃಹಗಳಿರುವಾಗ ನಮ್ಮದನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದೆ. "ಇಲ್ಲಿಗೆ ಯಾರೂ ಬರಲ್ಲ ಅಂತ ಖಾತ್ರಿ ಆಯ್ತು ಗುನ್ವೋರ್" ಅಂದ. ಇಪ್ಪತ್ತಾರು ವರ್ಷ ಈ ಮನೆಯ ಮೇಲ್ವಿಚಾರಕಿಯಾಗಿ ದುಡಿದದ್ದಕ್ಕೆ ಸಿಕ್ಕ ಮೊದಲ ಸರ್ಕಾರಿ ಪ್ರಶಸ್ತಿ ಇದು.

ಬುಧವಾರ ಹದಿನಾಲ್ಕು ಮಂದಿ ಬರುತ್ತಾರಂತೆ. ಏಳು ಮಂದಿ ಒಂದು ಕಡೆಯವರು, ಏಳು ಮಂದಿ ಇನ್ನೊಂದು ಕಡೆಯವರು. ಒಂದೇ ದೇಶದವರು, ಆರು ವರ್ಷದಿಂದ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾರೆ. ಯಾವ ದೇಶ, ಯಾರ ಹೆಸರೇನು ಎಂದು ಎಲ್ಲೂ ಬರೆಯಬಾರದೆಂದು ನನ್ನಿಂದ ಸಹಿ ಹಾಕಿಸಿಕೊಂಡ. ಆದ್ದರಿಂದ ಈ ಪುಸ್ತಕದಲ್ಲೂ ಬರೆಯುವುದಿಲ್ಲ. ಒಂದು ತಂಡಕ್ಕೆ ಮೇಲಂತಸ್ತು, ಇನ್ನೊಂದಕ್ಕೆ ಕೆಳಂತಸ್ತು ಕೊಟ್ಟಿದ್ದೇನೆ. ನನ್ನ ಪಾಲಿಗೆ ಅವರು ಮೇಲಿನವರು ಮತ್ತು ಕೆಳಗಿನವರು, ಅಷ್ಟೇ. ಹಾಸಿಗೆಗೆ ಹೊದಿಕೆ ಹಾಕುವವಳಿಗೆ ಅದಕ್ಕಿಂತ ಹೆಚ್ಚು ತಿಳಿಯಬೇಕಾಗಿಲ್ಲ.

"ನೀವು ಯಾರ ಪರ ಅಂತ ಯಾರಾದ್ರೂ ಕೇಳಿದ್ರೆ ಏನಂತೀರಿ?" ಎಂದು ಎಸ್ಪೆನ್ ಪರೀಕ್ಷೆ ಮಾಡಿದ.

"ನೆಲದ ಪರ. ಹೋದ್ವರ್ಷ ತಾನೇ ಪಾಲಿಶ್ ಮಾಡ್ಸಿದೀನಿ" ಅಂದೆ. ಅದನ್ನೂ ಬರೆದುಕೊಂಡ.

ಒಂದು ತೊಡಕಿದೆ. ಕೆಲಸದವರಲ್ಲಿ ಆ ದೇಶದವರು ಯಾರೂ ಇರಕೂಡದಂತೆ. ಎಲ್ಮೀರಾ ಅಲ್ಲಿಯವಳೇ. ಎರಡು ವರ್ಷದಿಂದ ನಮ್ಮಲ್ಲಿ ಒಗೆತ, ಇಸ್ತ್ರಿ, ಪಾತ್ರೆ ಎಲ್ಲ ಅವಳದೇ. ಅವಳನ್ನು ರಜೆಯ ಮೇಲೆ ಕಳುಹಿಸಿದರೆ ಹದಿನಾಲ್ಕು ಜನರ ಹೊದಿಕೆ ಒಗೆಯುವವರು ಯಾರು? ನಾನೋ, ಸೊಂಟ ಹಿಡಿದುಕೊಂಡು ಅಡುಗೆ ಮಾಡುವ ಓಡ್‌ವಾರನೋ? ನಮೂನೆಯಲ್ಲಿ 'ಹುಟ್ಟಿದ ದೇಶ' ಎಂಬ ಜಾಗವನ್ನು ಖಾಲಿ ಬಿಟ್ಟೆ. ಖಾಲಿ ಬಿಡುವುದು ಸುಳ್ಳು ಹೇಳಿದಂತಲ್ಲ.

ಅವರೆದುರು ಬಾಯಿ ಬಿಡಬೇಡ, ಹೊರಗೆ ತಲೆ ಹಾಕಬೇಡ ಎಂದು ಅವಳಿಗೆ ಹೇಳಿದ್ದೇನೆ. "ಆಯ್ತಕ್ಕಾ" ಅಂದಳು. ಈ 'ಅಕ್ಕ'ನನ್ನು ಬಿಡಿಸಲು ಎರಡು ವರ್ಷದಿಂದ ನೋಡುತ್ತಿದ್ದೇನೆ. ನಮ್ಮಲ್ಲಿ ಹೆಸರು ಹಿಡಿದು ಕರೆದರೆ ಸಾಕು. ನನಗೆ ತಂಗಿಯರಿಲ್ಲ, ಬೇಕಾಗಿಯೂ ಇಲ್ಲ.

ನವೆಂಬರ್ 6, ಬುಧವಾರ

ಬಂದರು.

ಇಲಾಖೆಯವರು ಎಲ್ಲವನ್ನೂ ಯೋಚಿಸಿದ್ದರು. ಎರಡು ವ್ಯಾನು. ಸಭಾಕೋಣೆಗೆ ಎರಡು ಬಾಗಿಲು, ಯಾರೂ ಮೊದಲು ಒಳಬಂದಂತೆ ಆಗಬಾರದೆಂದು. ನೀರಿನ ಹೂಜಿ ಎರಡು, ಎರಡರಲ್ಲೂ ಒಂದೇ ಮಟ್ಟಕ್ಕೆ ನೀರು. ಯೋಜನೆಯ ಕಡತ ನಲವತ್ತು ಪುಟ ಇತ್ತು, ನಾನೇ ಕಣ್ಣಾರೆ ನೋಡಿದೆ. ಆದರೆ ಮನೆಯೊಳಕ್ಕೆ ಶೂ ಹಾಕಿಕೊಂಡೇ ಬರುವ ಜನರೂ ಪ್ರಪಂಚದಲ್ಲಿದ್ದಾರೆ ಎಂಬುದು ಆ ನಲವತ್ತು ಪುಟ ಬರೆದವರಲ್ಲಿ ಒಬ್ಬರಿಗೂ ಹೊಳೆದಿಲ್ಲ. ನಮ್ಮಲ್ಲಿ ಯಾರಿಗಾದರೂ ಹೊಳೆಯುವುದಾದರೂ ಹೇಗೆ? ಹೀಗಾಗಿ ಅತಿಥಿಗಳಿಗೆ ಮೊದಲೇ ಹೇಳಿರಲಿಲ್ಲ. ಎಲ್ಲವೂ ಎರಡೆರಡಿದ್ದ ಮನೆಯಲ್ಲಿ ಮುಂಬಾಗಿಲ ಪಡಸಾಲೆ ಒಂದೇ, ಕೂರುವ ಬೆಂಚು ಒಂದೇ, ಶೂ ಇಡುವ ಕಪಾಟು ಒಂದೇ.

ಕೆಳಗಿನವರ ಮುಖ್ಯಸ್ಥ ಒಬ್ಬ ಕರ್ನಲ್. ಮೀಸೆ ಬೆಳ್ಳಗಾಗಿದೆ, ಕುತ್ತಿಗೆ ಬಗ್ಗುವುದಿಲ್ಲ. ನಾನು ಶೂ ತೋರಿಸಿ, ಕಪಾಟು ತೋರಿಸಿದೆ.

"ನಮ್ಮ ದೇಶದಲ್ಲಿ ಸೋತವರು ಶೂ ಬಿಚ್ತಾರೆ" ಅಂದ. ಇಂಗ್ಲಿಷು ಚೆನ್ನಾಗಿಯೇ ಬರುತ್ತದೆ.

"ನಮ್ಮ ದೇಶದಲ್ಲಿ ಒಳಗೆ ಬರೋರು ಬಿಚ್ತಾರೆ" ಅಂದೆ.

ಎಸ್ಪೆನ್ ಮುಖ ಸುಣ್ಣದಂತಾಯಿತು. ಅಷ್ಟರಲ್ಲಿ ಮೇಲಿನವರ ಮುಖ್ಯಸ್ಥರೂ ಒಳಬಂದರು. ಅವರು ಚರಿತ್ರೆಯ ಪ್ರೊಫೆಸರು, ಸಣಕಲು ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ಅಂಟುಪಟ್ಟಿ. ಕರ್ನಲ್ ಬಿಚ್ಚದೆ ತಾನು ಬಿಚ್ಚಿದರೆ ಏನರ್ಥ ಬರುತ್ತದೋ ಎಂದು ಅವರೂ ನಿಂತರು. ಹದಿನಾಲ್ಕು ಜನ, ಜೊತೆಗೆ ಇಬ್ಬರು ದುಭಾಷಿಗಳು, ಒಂದು ಬೆಂಚಿನ ಸುತ್ತ ಇಪ್ಪತ್ತು ನಿಮಿಷ ನಿಂತಿದ್ದರು. ಹಿಮದ ನೀರು ನನ್ನ ನೆಲದ ಮೇಲೆ ಇಳಿಯುತ್ತಿತ್ತು. ಕೊನೆಗೆ ಎಸ್ಪೆನ್ "ಒಂದು, ಎರಡು, ಮೂರು" ಎಂದು ಎಣಿಸಿದ. ಎರಡೂ ಪಕ್ಷದವರು ಏಕಕಾಲಕ್ಕೆ ಬಗ್ಗಿದರು. ಆರು ವರ್ಷದಲ್ಲಿ ಇಬ್ಬರೂ ಒಪ್ಪಿ ಮಾಡಿದ ಮೊದಲ ಕೆಲಸವಂತೆ.

ಪ್ರೊಫೆಸರರ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಕರ್ನಲ್ ಎಡಗಾಲಿನ ಶೂ ಬಿಚ್ಚಿದ, ಬಲಗಾಲಿನದು ಬಿಚ್ಚಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಪ್ಯಾಂಟನ್ನು ಮೊಣಕಾಲವರೆಗೆ ಎತ್ತಿ ತೋರಿಸಿದ. ಕೃತಕ ಕಾಲು. ಒಳಗೆ ಹೋಗಿ ನೀಲಿ ಪ್ಲಾಸ್ಟಿಕ್ ಹೊದಿಕೆಯೊಂದನ್ನು ತಂದು ಆ ಶೂಗೆ ಹಾಕಿದೆ. ಮನುಷ್ಯನಿಗೆ ನೋವಾಗುವುದು ಬೇರೆ, ನೆಲಕ್ಕೆ ಗೀರು ಬೀಳುವುದು ಬೇರೆ.

ನವೆಂಬರ್ 7, ಗುರುವಾರ

ಎರಡೂ ಕಡೆಯವರಿಗೆ ಒಬ್ಬೊಬ್ಬ ದುಭಾಷಿ. ಕರ್ನಲ್ ಹೇಳಿದ್ದನ್ನು ಒಬ್ಬ ಪ್ರೊಫೆಸರರಿಗೆ ಹೇಳುತ್ತಾನೆ, ಪ್ರೊಫೆಸರ್ ಹೇಳಿದ್ದನ್ನು ಇನ್ನೊಬ್ಬ ಕರ್ನಲ್‌ಗೆ ಹೇಳುತ್ತಾನೆ. ಕಾಫಿ ಇಡಲು ಹೋದಾಗ ಕಿವಿಗೊಟ್ಟೆ. ನನಗೆ ಒಂದಕ್ಷರ ಅರ್ಥವಾಗದಿದ್ದರೂ, ದುಭಾಷಿ ಹೇಳುವುದು ಮೊದಲಿನವನು ಹೇಳಿದಂತೆಯೇ ಕೇಳಿಸಿತು.

ಬಂದು ಎಲ್ಮೀರಾಳನ್ನು ಕೇಳಿದೆ. "ಎರಡೂ ಒಂದೇ ಭಾಷೆ ಅಕ್ಕಾ" ಅಂದಳು. "ಯುದ್ಧ ಶುರುವಾದ್ಮೇಲೆ ಎರಡಾಯ್ತು."

ನವೆಂಬರ್ 9, ಶನಿವಾರ

ಮಾತುಕತೆ ಇಲ್ಲ. ಮೇಜಿನ ಆಕಾರದ ಬಗ್ಗೆ ತಕರಾರು. ಹದಿನಾಲ್ಕು ಹೊದಿಕೆ, ಇಪ್ಪತ್ತೆಂಟು ದಿಂಬಿನ ಚೀಲ.

ನವೆಂಬರ್ 11, ಸೋಮವಾರ

ಇವತ್ತು ಮೂರು ಸಲ ಮಾತುಕತೆ ಮುರಿದುಬಿತ್ತು. ಎರಡು ಸಲ ಕರ್ನಲ್, ಒಂದು ಸಲ ಪ್ರೊಫೆಸರ್ ಮೇಜು ಗುದ್ದಿ ಎದ್ದುಬಂದರು.

ಬೇರೆಡೆ ಸಿಟ್ಟಾಗಿ ಎದ್ದುಹೋಗುವುದು ಸುಲಭವಿರಬೇಕು. ಬಾಗಿಲು ದಢಾರನೆ ಬಡಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಪಡಸಾಲೆಗೆ ಬಂದು, ಬೆಂಚಿನ ಮೇಲೆ ಕೂತು, ಶೂ ಹುಡುಕಿ, ಲೇಸು ಕಟ್ಟಿಕೊಳ್ಳಬೇಕು. ಅಷ್ಟರಲ್ಲಿ ಎದುರಿನ ಕಡೆಯವರೂ ಸಿಟ್ಟಾಗಿ ಬಂದು ಪಕ್ಕದಲ್ಲೇ ಕೂರುತ್ತಾರೆ. ಮೊಣಕೈಗೆ ಮೊಣಕೈ ತಾಗುತ್ತದೆ. ಕೋಪವನ್ನು ನಾಲ್ಕು ನಿಮಿಷ ಬಗ್ಗಿಕೊಂಡು ಹಿಡಿದಿಟ್ಟುಕೊಳ್ಳುವುದು ಬಹಳ ಕಷ್ಟದ ಕೆಲಸ. ಮೂರನೆಯ ಸಲವಂತೂ ಕರ್ನಲ್ ಹೊರಗೆ ಐದು ಹೆಜ್ಜೆ ಹೋಗಿ ವಾಪಸು ಬಂದ. ಪ್ರೊಫೆಸರರ ಎಡ ಶೂ ಹಾಕಿಕೊಂಡಿದ್ದ. ಎಲ್ಲರದೂ ಒಂದೇ ತರಹದ ಕಪ್ಪು ಶೂ, ಹಿಮ್ಮಡಿಯಲ್ಲಿ ಒಂದೇ ಮುದ್ರೆ. ಯಾವ ಪಕ್ಷದ್ದು ಎಂದು ಹೇಳಲು ಬರುವುದಿಲ್ಲ.

ಮಧ್ಯಾಹ್ನ ನೋಡಿದರೆ ಎಲ್ಮೀರಾ ಕಪಾಟಿನ ಮುಂದೆ ನೆಲದ ಮೇಲೆ ಕೂತು ಒಂದು ಶೂವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬಯ್ಯಬೇಕೆಂದು ಹತ್ತಿರ ಹೋದೆ.

"ಇದು ನಮ್ಮೂರಿನ ಕಾರ್ಖಾನೆದು ಅಕ್ಕಾ, ಬೆಲ್ದಾನಿನದು. ಹನ್ನೊಂದು ವರ್ಷ ಅಲ್ಲಿ ಹೊಲಿದಿದೀನಿ. ಇಡೀ ದೇಶಕ್ಕೆ ನಾವೇ ಶೂ ಮಾಡ್ತಿದ್ದಿದ್ದು."

ಬೆಲ್ದಾನ್ ಎಂಬ ಊರನ್ನು ರೇಡಿಯೋದಲ್ಲಿ ಕೇಳಿದ್ದೇನೆ. ಮೇಲಿನವರು ಒಂದು ಗುಡ್ಡದಿಂದ, ಕೆಳಗಿನವರು ಇನ್ನೊಂದು ಗುಡ್ಡದಿಂದ ಶೆಲ್ ಹಾಕುತ್ತಿದ್ದಾರೆ, ಜನ ನಡುವೆ ಸಿಕ್ಕಿಕೊಂಡಿದ್ದಾರೆ. ಮಾತುಕತೆ ನಡೆಯುತ್ತಿರುವುದೇ ಎರಡು ದಿನ ಗುಂಡು ನಿಲ್ಲಿಸಿ ಅಲ್ಲಿಂದ ಜನರನ್ನು ಬಸ್ಸಿನಲ್ಲಿ ಹೊರತರುವುದಕ್ಕೆ.

"ಅಲ್ಲಿ ನಿನ್ನವರು ಯಾರಿದಾರೆ?" ಎರಡು ವರ್ಷದಲ್ಲಿ ನಾನು ಇದನ್ನು ಕೇಳಿಯೇ ಇರಲಿಲ್ಲ.

"ಅಮ್ಮ ಇದಾಳೆ. ನನ್ನ ಮಗಳು ಐಲಾ ಇದಾಳೆ, ಒಂಬತ್ತು ವರ್ಷ. ಗಂಡ ತೀರಿಹೋದ್ಮೇಲೆ ದುಡಿಯೋಕೆ ಅಂತ ನಾನೊಬ್ಳೇ ಬಂದೆ. ಆರು ತಿಂಗಳಲ್ಲಿ ಕರ್ಕೊಂಡ್ಬರ್ತೀನಿ ಅಂದಿದ್ದೆ. ದಾರಿ ಮುಚ್ಹೋಯ್ತು."

ಶೂಗಳನ್ನು ಜೋಡಿ ನೋಡಿ ಸರಿಯಾಗಿ ಇಡು ಎಂದು ಹೇಳಿ ಬಂದೆ.

ನವೆಂಬರ್ 13, ಬುಧವಾರ

ಬಸ್ಸಿನ ಪಟ್ಟಿ ತಯಾರಾಗುತ್ತಿದೆ. ಎಸ್ಪೆನ್ ಅಡುಗೆಮನೆಗೆ ಬಂದು ತಲೆ ಹಿಡಿದುಕೊಂಡು ಕೂತ. ಬಾಯಿ ಬಿಡಬಾರದೆಂದು ನಮ್ಮಿಂದ ಸಹಿ ಹಾಕಿಸಿಕೊಂಡವನೇ ಎರಡು ತುಂಡು ಕೇಕ್ ತಿನ್ನುವಷ್ಟರಲ್ಲಿ ಎಲ್ಲವನ್ನೂ ಹೇಳಿದ. ಎಲ್ಮೀರಾ ಸಿಂಕಿನಲ್ಲಿ ಪಾತ್ರೆ ಉಜ್ಜುತ್ತಿದ್ದಳು.

ಪ್ರತಿ ಕಡೆಯವರೂ 'ತಮ್ಮವರ' ಪಟ್ಟಿ ತಂದಿದ್ದಾರೆ. ಎರಡೂ ಪಟ್ಟಿಯಲ್ಲಿ ಸಮಸಮ ಹೆಸರಿರಬೇಕೆಂದು ಇಬ್ಬರ ಹಟ. ತಮ್ಮವರು ಯಾರು ಎಂದು ಮೇಲಿನವರು ಎಣಿಸುವುದು ತಂದೆಯ ಕಡೆಯಿಂದ, ಕೆಳಗಿನವರು ಎಣಿಸುವುದು ತಾಯಿಯ ಕಡೆಯಿಂದ. ಬೆಲ್ದಾನಿನಲ್ಲಿ ಮೊದಲೆಲ್ಲ ಎರಡೂ ಕಡೆಯವರು ಒಬ್ಬರನ್ನೊಬ್ಬರು ಮದುವೆಯಾಗುತ್ತಿದ್ದರಂತೆ. ಈಗ ತಂದೆ ಮೇಲಿನವನು, ತಾಯಿ ಕೆಳಗಿನವಳು ಆಗಿರುವ ಮಕ್ಕಳ ಹೆಸರು ಎರಡೂ ಪಟ್ಟಿಯಲ್ಲಿದೆ. ಒಂದು ಮಗುವಿಗೆ ಎರಡೆರಡು ಸೀಟು. ತಂದೆ ಕೆಳಗಿನವನು, ತಾಯಿ ಮೇಲಿನವಳು ಆಗಿದ್ದರೆ?

"ಯಾವ ಪಟ್ಟಿಲೂ ಇಲ್ಲ. ಅವರು ಇವರ ಮಕ್ಕಳು ಅಂತಾರೆ, ಇವರು ಅವರ ಮಕ್ಕಳು ಅಂತಾರೆ. ಅರವತ್ಮೂರು ಮಕ್ಕಳಿದಾರೆ ಅಂಥವು" ಅಂದ ಎಸ್ಪೆನ್.

ಸಿಂಕಿನಲ್ಲಿ ತಟ್ಟೆಯೊಂದು ಒಡೆಯಿತು. ಎಲ್ಮೀರಾಳ ಗಂಡ ಯಾರ ಕಡೆಯವನಾಗಿದ್ದನೆಂದು ನಾನು ಕೇಳಬೇಕಾಗಲಿಲ್ಲ.

ಅವಳಮ್ಮನ ಹೆಸರು ಮೇಲಿನವರ ಪಟ್ಟಿಯಲ್ಲಿದೆ. ಮೊಮ್ಮಗಳನ್ನು ಬಿಟ್ಟು ಕದಲುವುದಿಲ್ಲ ಎಂದು ಮುದುಕಿ ಫೋನಿನಲ್ಲಿ ಹೇಳಿದ್ದಾಳೆ. ತಟ್ಟೆಗೆ ಬದಲಿ ತಟ್ಟೆ ತರಿಸಬೇಕು.

ನವೆಂಬರ್ 14, ಗುರುವಾರ

ಮೂಗು ತೂರಿಸಬಾರದಿತ್ತು, ತೂರಿಸಿದೆ.

ಮಧ್ಯಾಹ್ನ ಎಲ್ಲರೂ ಒದ್ದೆ ಹಿಮದಲ್ಲಿ ಸಮುದ್ರದ ದಡದ ಮೇಲೆ ಅಡ್ಡಾಡಲು ಹೋಗಿದ್ದರು, ಮೇಲಿನವರು ಉತ್ತರಕ್ಕೆ, ಕೆಳಗಿನವರು ದಕ್ಷಿಣಕ್ಕೆ. ಪ್ರೊಫೆಸರ್ ಮೊದಲು ಮರಳಿ ಬೆಂಚಿನ ಮೇಲೆ ಕೂತಿದ್ದರು. ಚೀಟಿಯಲ್ಲಿ ಐಲಾಳ ಹೆಸರು, ತಂದೆತಾಯಿಯರ ಹೆಸರು ಬರೆದಿಟ್ಟುಕೊಂಡಿದ್ದೆ, ಕೊಟ್ಟೆ. ತಾಯಿ ಈ ಮನೆಯಲ್ಲೇ ಇದ್ದಾಳೆ ಎಂದು ಹೇಳಲಿಲ್ಲ. ನನಗೆ ಗೊತ್ತಿರುವ ಮಗು ಎಂದೆ.

ಅವರು ಬಹಳ ಮರ್ಯಾದೆಯಿಂದ ಓದಿದರು. "ಅಮ್ಮಾ, ತಂದೆ ಹೆಸರು ನೋಡಿ. ಇದು ಅವರ ಕಡೆ ಮಗು. ನಾನು ಬೇಡ ಅಂತಿಲ್ಲ, ಅವರು ಕರ್ಕೊಂಡು ಹೋಗ್ಲಿ."

ಹತ್ತು ನಿಮಿಷದ ಮೇಲೆ ಕರ್ನಲ್ ಬಂದ. ಅದೇ ಚೀಟಿ ಕೊಟ್ಟೆ.

"ತಾಯಿ ಹೆಸರು ನೋಡಮ್ಮ" ಅಂದ. "ಅವರ ಮಗು. ಕೂಗಾಡೋದಿದ್ರೆ ಅವರ ಮುಂದೆ ಕೂಗಾಡು."

ನಾನೇನೂ ಕೂಗಾಡಿರಲಿಲ್ಲ. ಕೂಗಾಡಬೇಕಿತ್ತು ಎಂದು ಆಮೇಲೆ ಅನಿಸಿತು. ಇಬ್ಬರೂ ಕೆಟ್ಟವರಂತೆ ಕಾಣುವುದಿಲ್ಲ, ಅದೇ ನನ್ನ ಹೊಟ್ಟೆ ಉರಿಸುತ್ತಿರುವುದು. ಪ್ರೊಫೆಸರ್ ತಟ್ಟೆಯನ್ನು ತಾವೇ ತೊಳೆದಿಡುತ್ತಾರೆ. ಕರ್ನಲ್ ಪ್ರತಿದಿನ ಬೆಳಿಗ್ಗೆ ಹಾಸಿಗೆಯನ್ನು ನನಗಿಂತ ಚೆನ್ನಾಗಿ ಮಡಚುತ್ತಾನೆ. ಇಂಥ ಇಬ್ಬರು ಗೃಹಸ್ಥರು ಸೇರಿ ಒಂಬತ್ತು ವರ್ಷದ ಹುಡುಗಿಗೆ ಬಸ್ಸಿನಲ್ಲಿ ಜಾಗವಿಲ್ಲ ಎಂದರು.

ನವೆಂಬರ್ 15, ಶುಕ್ರವಾರ

ಇವತ್ತು ನಡೆದದ್ದನ್ನು ನಡೆದಂತೆಯೇ ಬರೆದಿಡುತ್ತೇನೆ, ಏಕೆಂದರೆ ಇಲಾಖೆಯವರು ಬೇರೆ ಥರ ಬರೆಯುತ್ತಾರೆ.

ಹತ್ತೂವರೆಗೆ ಕೂಗಾಟ ಶುರುವಾಯಿತು. ಎಸ್ಪೆನ್ ಓಡಿಬಂದು, ಎಲ್ಲ ಮುಗಿಯಿತು, ಎರಡೂ ಕಡೆಯವರು ಗಂಟು ಕಟ್ಟುತ್ತಿದ್ದಾರೆ, ಹನ್ನೆರಡರ ಫೆರಿಗೆ ವ್ಯಾನು ಹೇಳಿ ಎಂದ. ಕಪಾಟಿನ ಬಳಿ ಹೋಗಿ ನೋಡಿದೆ. ನಿನ್ನೆ ಹಿಮದಲ್ಲಿ ತಿರುಗಿದ ಶೂಗಳು ಇನ್ನೂ ಒದ್ದೆಯಾಗಿದ್ದವು. ಎಲ್ಲವನ್ನೂ ಎತ್ತಿ ಒಗೆತದ ಕೋಣೆಯ ಒಣಗಿಸುವ ಬೀರುವಿನಲ್ಲಿಟ್ಟು, ಮೂವತ್ತು ಡಿಗ್ರಿಗೆ ತಿರುಗಿಸಿ, ಬೀಗ ಹಾಕಿದೆ. ಕೀಲಿ ಏಪ್ರನ್ನಿನ ಜೇಬಿನಲ್ಲಿತ್ತು. ಚರ್ಮದ ಶೂವನ್ನು ಅದಕ್ಕಿಂತ ಹೆಚ್ಚು ಬಿಸಿ ಮಾಡಬಾರದು, ಆರು ಗಂಟೆಯಾದರೂ ಬೇಕು. ಇದು ಇಲ್ಲಿ ಮಕ್ಕಳಿಗೂ ಗೊತ್ತು.

ಪಡಸಾಲೆಯಲ್ಲಿ ಹದಿನಾರು ಜನ ಸೂಟ್‌ಕೇಸ್ ಹಿಡಿದು ಕಾಲುಚೀಲದಲ್ಲಿ ನಿಂತರು. ಹೊರಗೆ ಕೆಸರು ಮತ್ತು ಹಿಮ.

"ಶೂ ಎಲ್ಲಿ?" ಕರ್ನಲ್ ಕೇಳಿದ. ಅವನಿಗೆ ಒಂದು ಕಾಲಿನದಿತ್ತು, ನೀಲಿ ಪ್ಲಾಸ್ಟಿಕ್ಕಿನಲ್ಲಿ.

"ಒಣಗ್ತಿವೆ. ನಾಲ್ಕೂವರೆಗೆ ಆಗತ್ತೆ."

"ಇದು ಅಪಹರಣ."

"ಇದು ಒಗೆತದ ಕೋಣೆ" ಅಂದೆ.

ಎಸ್ಪೆನ್ ನನ್ನ ಮುಖ ನೋಡಿದ. ಬೀಗ ತೆಗೆಯಿರಿ ಎನ್ನಬೇಕೆಂದು ಬಾಯಿ ತೆರೆದ. ಆದರೆ ಅವನೂ ಇಲ್ಲೇ ಹುಟ್ಟಿ ಬೆಳೆದವನು. ಒದ್ದೆ ಚರ್ಮದ ವಿಷಯಕ್ಕೆ ಎದುರು ಮಾತಾಡಲು ಅವನಿಂದಾಗಲಿಲ್ಲ. "ತಾಂತ್ರಿಕ ಕಾರಣದಿಂದ ನಿರ್ಗಮನ ಮುಂದಕ್ಕೆ ಹೋಗಿದೆ" ಎಂದು ಘೋಷಿಸಿದ.

ಹೊರಡುವವರೇ ತಾನೆ ಎಂದು ಸಭಾಕೋಣೆಯ, ಮಲಗುವ ಕೋಣೆಗಳ ಹೀಟರನ್ನು ಆರಿಸಿದ್ದೆ. ಬರೀ ಕಾಲುಚೀಲದಲ್ಲಿ ತಣ್ಣನೆ ನೆಲದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ? ಒಬ್ಬೊಬ್ಬರಾಗಿ ಅಡುಗೆಮನೆಗೆ ಬಂದರು. ಶುಕ್ರವಾರ ಓಡ್‌ವಾರ್ ಟ್ಯಾಕೊ ಮಾಡುತ್ತಾನೆ. ಈ ನಾಡಿನಲ್ಲಿ ಎಲ್ಲ ಮನೆಯಲ್ಲೂ ಶುಕ್ರವಾರ ಟ್ಯಾಕೊ, ಯುದ್ಧಕ್ಕಾಗಿ ಅದನ್ನು ಬದಲಿಸುವ ಮನುಷ್ಯ ಅವನಲ್ಲ. ತೆಳು ರೊಟ್ಟಿಯಲ್ಲಿ ಸುತ್ತಿಕೊಳ್ಳಲು ಮಾಂಸ, ಸೌತೆಕಾಯಿ, ಮೆಕ್ಕೆಜೋಳ, ಹುಳಿಕೆನೆ ಎಲ್ಲ ಬೇರೆಬೇರೆ ಬಟ್ಟಲಲ್ಲಿ ಮೇಜಿನ ನಡುವೆ ಇರುತ್ತದೆ. ಪಕ್ಕದವನನ್ನು ಕೇಳದೆ ಊಟ ಮಾಡಲು ಬರುವುದಿಲ್ಲ. ಮೊದಮೊದಲು ಬೆರಳು ತೋರಿಸಿದರು, ಆಮೇಲೆ ಗೊಣಗಿದರು. ದುಭಾಷಿಗಳಿಬ್ಬರೂ ಬಾಯಿ ತುಂಬ ತುಂಬಿಕೊಂಡಿದ್ದರಿಂದ ಭಾಷಾಂತರ ನಿಂತುಹೋಯಿತು.

ಕರ್ನಲ್ ಒಂದು ತುತ್ತು ತಿಂದು ತನ್ನಷ್ಟಕ್ಕೆ ಏನೋ ಅಂದ. ಒಲೆಯ ಕಡೆ ಮುಖ ಮಾಡಿ ನಿಂತಿದ್ದ ಎಲ್ಮೀರಾ ತಿರುಗಿ ಉಪ್ಪಿನ ಡಬ್ಬಿ ಕೊಟ್ಟುಬಿಟ್ಟಳು. ಅವನು ಉಪ್ಪು ಕೇಳಿದ್ದು ಅವನ ಭಾಷೆಯಲ್ಲಿ.

ಎಲ್ಲರ ಕೈ ನಿಂತಿತು. ಎಸ್ಪೆನ್ ನಮೂನೆಯ ಖಾಲಿ ಜಾಗವನ್ನು ನೆನಪಿಸಿಕೊಂಡಿರಬೇಕು, ಕಣ್ಣು ಮುಚ್ಚಿಕೊಂಡ. ಮುಂದಿನ ಮಾತುಗಳನ್ನು ಎಲ್ಮೀರಾ ಆಮೇಲೆ ನನಗೆ ಹೇಳಿದಂತೆ ಬರೆಯುತ್ತಿದ್ದೇನೆ.

"ಯಾವೂರಮ್ಮ ನಿಂದು?" ಕರ್ನಲ್ ಕೇಳಿದ.

"ಬೆಲ್ದಾನು. ಹಳೇ ಸೇತುವೆ ಬೀದಿ."

"ಯಾರ ಪೈಕಿ?"

"ಅಪ್ಪ ಇವರ ಪೈಕಿ, ಗಂಡ ನಿಮ್ಮ ಪೈಕಿ. ಬ್ರೆಡ್ಡಿನ ಸಾಲಲ್ಲಿ ನಿಂತಿದ್ದಾಗ ಶೆಲ್ ಬಿದ್ದು ಸತ್ತ. ಯಾರು ಹಾಕಿದ್ದು ಅಂತ ಕೇಳಿದ್ರೆ ನೀವು ಅವರದು ಅಂದ್ರಿ, ಅವರು ನಿಮ್ಮದು ಅಂದ್ರು. ಈಗ ಮಗಳಿಗೂ ಹಂಗೇ ಅಂತಿದೀರಿ. ಗಂಡನ್ನ ಕೊಂದ ಶೆಲ್ಲೂ ಯಾರದೂ ಅಲ್ಲ, ಉಳಿದಿರೋ ಮಗಳೂ ಯಾರವಳೂ ಅಲ್ಲ."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. "ನಿನ್ನೆ ಚೀಟಿಲಿದ್ದ ಮಗು ಇವಳದಾ?" ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಹೌದೆಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಪಕ್ಕದ ಒಗೆತದ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ತೋರಿಸಿದೆ.

"ಅಲ್ಲಿ ಮೂರು ಬುಟ್ಟಿ ಇದೆ ನೋಡಿ. ಒಂದು ಮೇಲಿನವರ ಬಟ್ಟೆಗೆ, ಒಂದು ಕೆಳಗಿನವರ ಬಟ್ಟೆಗೆ. ಗುರುತಿಲ್ಲದ ಬಟ್ಟೆ ಬಂದ್ರೆ ಮೂರನೇ ಬುಟ್ಟಿಗೆ ಹಾಕಿ ಅದನ್ನೂ ಒಗೀತೀವಿ. ಯಾರದೂ ಅಲ್ಲ ಅಂತ ಸಮುದ್ರಕ್ಕೆ ಎಸೆಯಲ್ಲ. ಇಷ್ಟೂ ತಿಳಿದೇ ಇರೋರು ದೇಶ ಹೇಗೆ ನಡೆಸ್ತೀರಿ?"

ನೆಲದ ಪರ ಇರುವವಳು ಆಡುವ ಮಾತಲ್ಲ ಅದು. ಹಸಿವಾಗಿತ್ತು, ಅದಕ್ಕಿರಬೇಕು.

ಕರ್ನಲ್ ಮೂರೂ ಬುಟ್ಟಿಗಳನ್ನು ನೋಡಿದ. ಆಮೇಲೆ ಪ್ರೊಫೆಸರರ ಕಡೆ ತಿರುಗಿ, ದುಭಾಷಿ ಇಲ್ಲದೆ, "ಪೆನ್ನಿದೆಯಾ?" ಅಂದನಂತೆ. ಓಡ್‌ವಾರನ ವಾರದ ಊಟದ ಹಾಳೆಯ ಹಿಂಬದಿಯಲ್ಲಿ ಬರೆಯಲು ಕೂತರು. ಮೂರನೆಯ ಪಟ್ಟಿಗೆ ಏನು ತಲೆಬರಹ ಕೊಡಬೇಕೆಂದು ನಲವತ್ತು ನಿಮಿಷ ಜಗಳವಾಡಿದರು. 'ಇತರರು' ಎಂದರೆ ಒಬ್ಬರಿಗೆ ಆಗದು, 'ವಿವಾದಿತರು' ಎಂದರೆ ಇನ್ನೊಬ್ಬರಿಗೆ ಆಗದು. ಕೊನೆಗೆ 'ಮಕ್ಕಳು' ಎಂದು ಬರೆದರು.

ನಾಲ್ಕೂವರೆಗೆ ಶೂ ಒಣಗಿದವು. ಆರೂವರೆಯವರೆಗೆ ಯಾರೂ ಕೇಳಲಿಲ್ಲ.

ನವೆಂಬರ್ 16, ಶನಿವಾರ

ಸಹಿಯಾಯಿತು. ಗುರುವಾರ ಬೆಳಿಗ್ಗೆ ಆರರಿಂದ ಶನಿವಾರ ಬೆಳಿಗ್ಗೆ ಆರರವರೆಗೆ ಗುಂಡು ಹಾರಿಸುವುದಿಲ್ಲ.

ಒಣಗಿಸುವ ಬೀರುವಿನ ಬಗ್ಗೆ ವರದಿಯಲ್ಲಿ ಏನು ಬರೆಯಲಿ ಎಂದು ಎಸ್ಪೆನ್ ಕೇಳಿದ. ಒದ್ದೆಯಾಗಿದ್ದವು, ಒಣಗಿಸಿದೆ, ಹಾಗೇ ಬರೆಯಪ್ಪ ಅಂದೆ. ಖಾಲಿ ಜಾಗದ ಬಗ್ಗೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನವೆಂಬರ್ 21, ಗುರುವಾರ

ಮೂರನೆಯ ಪಟ್ಟಿಯ ಬಸ್ಸು ಕಟ್ಟಕಡೆಗೆ ಹೊರಡುತ್ತದಂತೆ. ಎಲ್ಮೀರಾ ಬೆಳಗಿನಿಂದ ಒಂದೇ ಹೊದಿಕೆಗೆ ಇಸ್ತ್ರಿ ಹಾಕುತ್ತಿದ್ದಾಳೆ.

ನವೆಂಬರ್ 22, ಶುಕ್ರವಾರ

ಮಧ್ಯಾಹ್ನ ಎರಡೂ ಹತ್ತಕ್ಕೆ ಫೋನು ಬಂತು. ಅಜ್ಜಿ, ಮೊಮ್ಮಗಳು ಇಬ್ಬರೂ ಗಡಿ ದಾಟಿದ್ದಾರೆ. ಎಲ್ಮೀರಾ ನೆಲದ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಓಡ್‌ವಾರ್ ಸೊಂಟ ಹಿಡಿದುಕೊಂಡು ತಾನೂ ಕೂರಲು ನೋಡಿದ, ಆಗಲಿಲ್ಲ. ಮಗು ಫೋನಿನಲ್ಲಿ ಮೊದಲು ಕೇಳಿದ್ದು, ಅಮ್ಮ ಇರುವ ಕಡೆ ಶಾಲೆಗೆ ಕಿಟಕಿ ಗಾಜು ಇದೆಯಾ ಎಂದು.

ಅರವತ್ತಮೂರರಲ್ಲಿ ಅರವತ್ತೊಂದು ಮಕ್ಕಳು ಬಂದರು. ಇಬ್ಬರ ಹೆಸರಿನ ಮುಂದೆ, ಸೋಮವಾರ ತೀರಿಕೊಂಡರು ಎಂದು ಬರೆದಿತ್ತಂತೆ. ಶನಿವಾರ ಸಹಿಯಾಗಿ ಗುರುವಾರ ಜಾರಿಯಾಗುವುದರ ನಡುವೆ ಸೋಮವಾರ ಎಂಬ ದಿನವೊಂದು ಬರುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನವೆಂಬರ್ 25, ಸೋಮವಾರ

ಟಿವಿಯಲ್ಲಿ ಮಂತ್ರಿಗಳು ಮಾತಾಡಿದರು. ಯಶಸ್ಸಿಗೆ ಕಾರಣ ತಾಳ್ಮೆ ಮತ್ತು ಅಂಡಾಕಾರದ ಮೇಜು. ಶನಿವಾರ ಬೆಳಿಗ್ಗೆ ಆರು ಗಂಟೆ ಒಂದು ನಿಮಿಷಕ್ಕೆ ಗುಂಡಿನ ಸದ್ದು ಮತ್ತೆ ಶುರುವಾಯಿತೆಂದು ಸುದ್ದಿಯ ಕೊನೆಯಲ್ಲಿ ಓದಿದರು. ಒಪ್ಪಂದವನ್ನು ಇಬ್ಬರೂ ಅಕ್ಷರಶಃ ಪಾಲಿಸಿದ್ದಾರೆ, ಇದು ವಿಶ್ವಾಸ ವೃದ್ಧಿಯ ಲಕ್ಷಣ ಎಂದು ತಜ್ಞರೊಬ್ಬರು ಹೇಳಿದರು. ಟಿವಿ ಆರಿಸಿದೆ.

ಎಲ್ಮೀರಾ ಗಡಿಯ ಶಿಬಿರಕ್ಕೆ ಹೊರಟಳು. ಮಗುವನ್ನೂ ಅಜ್ಜಿಯನ್ನೂ ಕರೆತರಲು ಇಲ್ಲಿಯವರೊಬ್ಬರು ಅರ್ಜಿಗೆ ಸಹಿ ಹಾಕಬೇಕಂತೆ. ಹಾಕಿದೆ. ಅರ್ಜಿದಾರಳಿಗೆ ನೀವು ಏನಾಗಬೇಕು ಎಂಬ ಜಾಗದಲ್ಲಿ 'ಅಕ್ಕ' ಎಂದು ಬರೆದೆ. ಸುಳ್ಳೇನಲ್ಲ, ಎರಡು ವರ್ಷದಿಂದ ದಿನವೂ ಹಾಗೆಯೇ ಕರೆಯುತ್ತಾಳೆ.

ಡಿಸೆಂಬರ್ 9, ಸೋಮವಾರ

ಎರಡನೆಯ ಸುತ್ತು ಇವತ್ತಿನಿಂದ. ಕೈದಿಗಳ ವಿನಿಮಯದ ಬಗ್ಗೆಯಂತೆ.

ಕರ್ನಲ್ ಒಂಬತ್ತಕ್ಕೇ ಬಂದ. ಯಾರೂ ಹೇಳದೆ ಶೂ ಬಿಚ್ಚಿ, ಬಲಗಾಲಿಗೆ ನೀಲಿ ಹೊದಿಕೆಯನ್ನು ತಾನೇ ಹಾಕಿಕೊಂಡು, ಬೆಂಚಿನ ಮೇಲೆಯೇ ಕೂತ. ತಂಡದವರೆಲ್ಲ ಒಳಗೆ ಹೋದರೂ ಅವನು ಹೋಗಲಿಲ್ಲ.

"ಪ್ರೊಫೆಸರ್ ಬರ್ಲಿ, ಅವರ ಹತ್ರ ಸ್ವಲ್ಪ ಮಾತಿದೆ" ಅಂದ. "ಇಲ್ಲಿ ಆದ್ರೆ ಯಾರೂ ಬರ್ಕೊಳಲ್ಲ."

ಮೇಲಿನವರ ವ್ಯಾನು ಬಂತು. ಪ್ರೊಫೆಸರ್ ಇಳಿಯಲಿಲ್ಲ. ಅವರ ಜಾಗಕ್ಕೆ ಹೊಸಬನೊಬ್ಬ ಬಂದಿದ್ದ, ಬಿಗಿದ ಮುಖದವನು. ಅವನು ಒಳಗೆ ಹೋದ ಮೇಲೆ ಎಸ್ಪೆನ್ ನಮ್ಮಿಬ್ಬರ ಹತ್ತಿರ ಬಂದು ಮೆಲ್ಲಗೆ ಹೇಳಿದ. ಹೋದ ಮಂಗಳವಾರ ಪ್ರೊಫೆಸರರ ಮನೆಯ ಮೇಲೆ ಶೆಲ್ ಬಿತ್ತಂತೆ. ಊಟಕ್ಕೆ ಕೂತಿದ್ದ ಅವರು ಅಲ್ಲೇ ತೀರಿಕೊಂಡರಂತೆ, ಹೆಂಡತಿ ಮಾತ್ರ ಉಳಿದಿದ್ದಾರಂತೆ. ಯಾರು ಹಾಕಿದ್ದು ಎಂದು ಈ ಸಲ ಯಾರೂ ಕೇಳಲಿಲ್ಲ. ಅವರ ಊರಿನ ಎದುರಿನ ಗುಡ್ಡದಲ್ಲಿ ಇರುವುದು ಕೆಳಗಿನವರು ಮಾತ್ರ.

ಕರ್ನಲ್ ಬೆಂಚಿನಿಂದ ಏಳಲಿಲ್ಲ. ನನಗೆ ಅವನ ಮೇಲೆ ಅಸಹ್ಯವಾಯಿತು. ಅದರ ಹಿಂದೆಯೇ, ಅವನು ನೀಲಿ ಹೊದಿಕೆಯ ಅಂಚನ್ನು ಮತ್ತೆ ಮತ್ತೆ ಸರಿಮಾಡುತ್ತಿರುವುದನ್ನು ನೋಡಿ ಸಂಕಟವೂ ಆಯಿತು. ಎರಡೂ ಒಟ್ಟಿಗೇ ಆದವು, ಯಾವುದನ್ನು ಇಟ್ಟುಕೊಳ್ಳಬೇಕೆಂದು ಗೊತ್ತಾಗಲಿಲ್ಲ. ಎಸ್ಪೆನ್ ಒಳಗೆ ಹೋದ.

ಕರ್ನಲ್ ಕೋಟಿನ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದ.

"ಆವತ್ತು ನಿಮ್ಮ ಅಡುಗೆಮನೇಲಿ ಅವರು ನನ್ನ ಕೇಳಿದ್ರು. ಅವರ ಮಗ ನಮ್ಮ ಕೈಗೆ ಸಿಕ್ಕಿ ಎರಡು ವರ್ಷ ಆಯ್ತಂತೆ, ಸತ್ತಿದಾನೋ ಬದುಕಿದಾನೋ ಗೊತ್ತಿಲ್ಲ, ನೋಡಿ ಹೇಳ್ತೀರಾ ಅಂತ. ಹೋಗಿ ಹುಡುಕ್ದೆ. ನಾಲ್ಕು ಜೈಲು ಹುಡುಕ್ದೆ. ಸಿಕ್ಕ." ಕಾಗದ ನೋಡದೆಯೇ ಮುಂದುವರಿಸಿದ. "ಎಡಗಿವಿ ಕೇಳಿಸಲ್ಲ, ಉಳಿದಂತೆ ಚೆನ್ನಾಗಿದಾನೆ. ನಿಮ್ಮ ಅಪ್ಪನ ಜೊತೆ ಊಟ ಮಾಡ್ದೆ ಕಣೋ ಅಂದೆ, ನಂಬಲಿಲ್ಲ. ಕನ್ನಡಕದ ಕಡ್ಡಿಗೆ ಅಂಟುಪಟ್ಟಿ ಹಾಕಿದಾರೆ ಅಂದ್ಮೇಲೆ ನಂಬ್ದ. ಮುಂದಿನ ಸಲ ಸಿಕ್ಕಿದ್ರೆ ಹೊಸ ಕನ್ನಡಕ ಮಾಡಿಸ್ಕೋಬೇಕಂತೆ ಅಂತ ಹೇಳಿ ಅಂದ."

ನನ್ನ ಕಡೆ ನೋಡಿದ. ಅಷ್ಟು ದೊಡ್ಡ ಮನುಷ್ಯ ಯಾರ ಕಡೆಯೂ ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ.

"ವಾಪಸ್ ಹೋಗಿ ಅವನಿಗೆ ಏನು ಹೇಳ್ಲಮ್ಮ?"

ಇದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಲ್ಲ. ನನಗೆ ಅಳು ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

"ಜೈಲಲ್ಲಿ ಹೇಳ್ಬೇಡಿ" ಅಂದೆ. "ಮೊದಲು ಅವನನ್ನ ಊರಿಗೆ ಕಳಿಸಿ, ಅವನ ತಾಯಿ ಹತ್ರ. ಆಮೇಲೆ ನೀವೇ ಹೋಗಿ ಹೇಳಿ, ಬೇರೆ ಯಾರನ್ನೂ ಕಳಿಸ್ಬೇಡಿ. ಒಳಗೆ ಪಟ್ಟಿ ಮಾಡ್ತಿದಾರಲ್ಲ, ಅದರಲ್ಲಿ ಮೊದಲನೇ ಹೆಸರು ಅವನದು ಬರ್ಸಿ. ಎರಡನೇದು, ಮೂರನೇದು ಯಾರದು ಅಂತ ಆ ಹೊಸಬನ್ನ ಕೇಳಿ. ಅವನಿಗೂ ಯಾರೋ ಒಬ್ಬರು ಇರ್ತಾರೆ."

"ಅವನು ನನ್ನ ಹತ್ರ ಮಾತಾಡಲ್ಲ."

"ನೀವು ಕೇಳಿ."

ಕಾಗದವನ್ನು ಮತ್ತೆ ಮಡಚಿ, ಎದ್ದು, ತನಗೆಂದು ಗೊತ್ತುಮಾಡಿದ್ದ ಬಾಗಿಲನ್ನು ಬಿಟ್ಟು ಮೇಲಿನವರ ಬಾಗಿಲಿನಿಂದಲೇ ಒಳಗೆ ಹೋದ. ಒಳಗೆ ಕುರ್ಚಿಗಳು ಸರಿದ ಸದ್ದಾಯಿತು, ಒಂದಿಬ್ಬರು ದನಿಯೇರಿಸಿದರು, ಆಮೇಲೆ ಅವನೊಬ್ಬನೇ ಬಹಳ ಹೊತ್ತು ಮಾತಾಡಿದ. ಹನ್ನೊಂದಕ್ಕೆ ಕಾಫಿ ಇಟ್ಟುಬಂದೆ, ಯಾರೂ ತಲೆ ಎತ್ತಲಿಲ್ಲ. ಒಂದು ಗಂಟೆಗೆ ಊಟವನ್ನು ಅಲ್ಲಿಗೇ ಕಳುಹಿಸಿ ಎಂದರು, ಕಳುಹಿಸಿದೆ. ಈಗ ನಾಲ್ಕಾಯಿತು. ಒಳಗಿನಿಂದ ಇನ್ನೂ ಯಾರೂ ಎದ್ದು ಬಂದಿಲ್ಲ.